ಊರು ಕೇಳದೆ ಬಡಿಸಿದ ಊಟ

ಬ್ಯಾಂಕಿನವರ ಸಂಸಾರ ವರ್ಗವಾಗಿ ಬಂದು ಇಳಿಯುವ ಮೊದಲ ದಿನ ಹೇಗಿರುತ್ತದೆಂದು ಅನುಭವಿಸಿದವರಿಗೇ ಗೊತ್ತು. ಸಾಮಾನಿನ ಲಾರಿ ಬಂದಿರುವುದಿಲ್ಲ, ಬಂದಿದ್ದರೂ ಒಲೆ ಯಾವ ಗೋಣಿಯಲ್ಲಿದೆಯೋ ತಿಳಿಯದು. ಗಂಡ ಚಾರ್ಜ್ ತೆಗೆದುಕೊಳ್ಳಲು ಬ್ರಾಂಚಿಗೆ ಓಡಿರುತ್ತಾನೆ. ಹೆಂಡತಿ ಬರಿ ನೆಲದ ಮೇಲೆ ಕೂತು, ಬಾಗಿಲಿಗೆ ಬಂದ ಹಾಲಿನವನ ತೆಲುಗಿಗೆ ಕೈಸನ್ನೆಯಲ್ಲಿ ಉತ್ತರ ಕೊಡುತ್ತಿರುತ್ತಾಳೆ. ವಿಶಾಖಪಟ್ಟಣದ ಎಂವಿಪಿ ಕಾಲೋನಿಗೆ ಬಂದ ಕನ್ನಡದವರಾದರೆ, ಆ ಹೊತ್ತಿಗೆ ಸರಿಯಾಗಿ ಅವರಿಗೊಂದು ಫೋನು ಬರುತ್ತಿತ್ತು. ನಂಬರನ್ನು ಬ್ರಾಂಚಿನವರೇ ಕೊಟ್ಟಿರುತ್ತಿದ್ದರು.

“ಅಕ್ಕಾರ, ನಾ ಸುಮಿತ್ರಾ ಅಂತ್ರಿ, ಇಲ್ಲೇ ಪಕ್ಕದ ಸೆಕ್ಟರ್‌ನ್ಯಾಗ ಇರ್ತೇನಿ. ನಳದಾಗ ನೀರು ಬಂತೇನ್ರಿ? ಗ್ಯಾಸ್ ಸಿಕ್ತೇನ್ರಿ?”

ಇಷ್ಟೇ. ಅತ್ತ ಕಡೆಯವರು ನಾಲ್ಕು ಮಾತು ಆಡಿದರೆ ಆಕೆಗೆ ಸಾಕು. ಮಧ್ಯಾಹ್ನ ಒಂದು ಗಂಟೆಗೆ ಅವರ ಬಾಗಿಲಿಗೆ ಊಟದ ಕ್ಯಾರಿಯರ್ ಬರುತ್ತಿತ್ತು. ಮುಚ್ಚಳ ತೆಗೆದರೆ ಒಳಗೆ ಅವರವರ ಊರಿನ ಊಟ! ವಿಜಯಪುರದವರಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಮಂಡ್ಯದವರಿಗೆ ಮುದ್ದೆ, ಬಸ್ಸಾರು. ಕುಂದಾಪುರದವರಿಗೆ ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ. “ನಾವು ಎಲ್ಲಿಯವರು ಅಂತ ಹೇಳೇ ಇಲ್ಲವಲ್ಲ!” ಎಂದು ಅವರು ಬಾಯಿ ಬಿಟ್ಟುಕೊಂಡು ಕೂರುತ್ತಿದ್ದರು. ಕ್ಯಾರಿಯರ್ ಹಿಂದಿರುಗಿಸಲು ಬಂದ ಹೆಂಗಸು ಅರ್ಧ ಗಂಟೆ ಕೂತು, ಕಣ್ಣೊರೆಸಿಕೊಂಡು, ಮುಂದಿನ ಮೂರು ವರ್ಷಕ್ಕೆ ಗಿರಾಕಿಯಾಗಿಯೇ ಎದ್ದು ಹೋಗುತ್ತಿದ್ದಳು.

ಸುಮಿತ್ರಾಳ ವ್ಯಾಪಾರ ದೊಡ್ಡದೇನಲ್ಲ. ಎರಡನೆಯ ಮಹಡಿಯ ಫ್ಲಾಟಿನ ಅಡುಗೆಮನೆಯೇ ಕಾರ್ಖಾನೆ. ರೊಟ್ಟಿ, ಚಟ್ನಿಪುಡಿ, ಸಾರಿನಪುಡಿ, ಹಬ್ಬಕ್ಕೆ ಹೋಳಿಗೆ. ಇವನ್ನೆಲ್ಲ ಮಾರುವವರಿಗೆ ಊರಿನಲ್ಲಿ ಬರವಿಲ್ಲ. ಕಡಿಮೆ ಬೆಲೆಗೆ ಕೊಡುವವರೂ ಇದ್ದರು. ಆದರೂ ಕನ್ನಡದ ಮನೆಗಳು ಆಕೆಯನ್ನು ಬಿಟ್ಟು ಕದಲುತ್ತಿರಲಿಲ್ಲ, ಆ ಮೊದಲ ದಿನದ ಊಟವನ್ನು ಯಾರೂ ಮರೆಯುತ್ತಿರಲಿಲ್ಲವಾದ್ದರಿಂದ. ಆ ಊಟ ಪುಕ್ಕಟೆ. ಆದರೆ ಅದಕ್ಕೊಂದು ಕಟ್ಟುನಿಟ್ಟು ಇತ್ತು. ನೀವು ಯಾವ ಊರಿನವರು ಎಂದು ಆಕೆ ಸತ್ತರೂ ಕೇಳುತ್ತಿರಲಿಲ್ಲ.

“ಊರು ಕೇಳಿ ಮಾಡಿದ್ರ ಅದು ಆರ್ಡರ್ ಆಕ್ಕೈತಿ. ಕೇಳದ ಮಾಡಿದ್ರ ತವರುಮನಿ ಊಟ ಆಕ್ಕೈತಿ,” ಎನ್ನುವಳು.

ಕಿವಿ ಹಾಗಿತ್ತು ಆಕೆಯದು. ಮೂವತ್ತು ವರ್ಷ ತೆಲುಗಿನ ನಡುವೆ ಬದುಕಿದವಳಿಗೆ ಕನ್ನಡದ ಒಂದೊಂದು ಮಾತೂ ಬಾಯಾರಿದವನಿಗೆ ನೀರು ಸಿಕ್ಕ ಹಾಗೆ. ‘ಮಾಡಾಕತ್ತೀವಿ’ ಅಂದರೆ ಗದಗ, ಬಾಗಲಕೋಟೆಯ ಸೀಮೆ. ‘ಮಾಡ್ಲಕತ್ತೀವಿ’ ಅಂದರೆ ಕಲಬುರಗಿಯ ಕಡೆ. ‘ಎಂತ ಮಾರಾಯ್ರೆ’ ಅಂದವರಿಗೆ ತೆಂಗಿನಕಾಯಿ ಜಾಸ್ತಿ. ಮಗಳು ಹಿಮಬಿಂದು, ಕನ್ನಡಕ್ಕಿಂತ ತೆಲುಗೇ ಸಲೀಸಾಗಿ ಆಡುವವಳು, ಇದನ್ನು ಮೊದಮೊದಲು ಮಾಟವೆಂದೇ ತಿಳಿದಿದ್ದಳು.

ಈ ಊಟ ಎಲ್ಲಿಂದ ಶುರುವಾಯಿತೆಂಬ ಕಥೆಯನ್ನು ಸುಮಿತ್ರಾ ಯಾರಿಗೂ ಹೇಳಿದವಳಲ್ಲ. ಗದಗ ಜಿಲ್ಲೆಯ ರೋಣದಿಂದ ಮದುವೆಯಾಗಿ ವಿಶಾಖಪಟ್ಟಣದ ಗಾಜುವಾಕಕ್ಕೆ ಬಂದಾಗ ಆಕೆಗೆ ಇಪ್ಪತ್ತೆರಡು. ಗಂಡ ನರಸಿಂಹಮೂರ್ತಿ ಬಂದರಿನ ಆಫೀಸಿನಲ್ಲಿ ಗುಮಾಸ್ತ. ಮೂರು ತಲೆಮಾರಿನಿಂದ ಅಲ್ಲಿಯೇ ಬೇರುಬಿಟ್ಟ ಮನೆ, ಕನ್ನಡ ಅರ್ಧ, ತೆಲುಗು ಅರ್ಧ. ಊಟಕ್ಕೆ ಮೂರು ಹೊತ್ತೂ ಅನ್ನ, ಗೊಂಗೂರ ಪಚ್ಚಡಿ. ಹೊಸ ಸೊಸೆ ಬಾಯಿಬಿಟ್ಟು ಕೇಳುವುದುಂಟೆ? ನಾಲ್ಕು ದಿನ ಅರೆಹೊಟ್ಟೆಯಲ್ಲಿದ್ದಳು. ಐದನೆಯ ದಿನ ಪಕ್ಕದ ಮನೆಯ ಕನಕಲಕ್ಷ್ಮಮ್ಮ, ಒಂದಕ್ಷರ ಕನ್ನಡ ಬಾರದವಳು, ಅದನ್ನು ಹೇಗೋ ಗ್ರಹಿಸಿ ಮೂರು ಬಜಾರು ಸುತ್ತಿ ಜೋಳ ತಂದು ಬೀಸಿಸಿದಳು. ಜೀವಮಾನದಲ್ಲಿ ತಟ್ಟದ ರೊಟ್ಟಿಯನ್ನು ತಟ್ಟಿದಳು. ಅದು ಹೆಂಚಿನ ಮೇಲೆಯೇ ನಾಲ್ಕು ಚೂರಾಯಿತು. ಆ ಚೂರುಗಳನ್ನೇ ತಟ್ಟೆಗೆ ಹಾಕಿ ತಂದು, ತಪ್ಪು ಮಾಡಿದವಳ ಹಾಗೆ ಬಾಗಿಲಲ್ಲಿ ನಿಂತಿದ್ದಳು. ಸುಮಿತ್ರಾ ಅಳುತ್ತ ಉಂಡಳು. ಕನಕಲಕ್ಷ್ಮಮ್ಮ ತೀರಿಕೊಂಡು ಹತ್ತು ವರ್ಷವಾಗಿದೆ. ಹೊಸಬರ ಮನೆಗೆ ಒಂದೊಂದು ಕ್ಯಾರಿಯರ್ ಕಳಿಸುವಾಗಲೂ ಸುಮಿತ್ರಾ ಆ ತಾಯಿಯ ಋಣ ತೀರಿಸುತ್ತಿದ್ದೇನೆಂದೇ ಅಂದುಕೊಳ್ಳುತ್ತಿದ್ದಳು.

ಯಾರಿಗೂ ಹೇಳಿದವಳಲ್ಲ ಎಂದೆನಲ್ಲ, ಒಬ್ಬಳಿಗೆ ಮಾತ್ರ ಹೇಳಿದ್ದಳು. ಹರಿಣಿಗೆ.

ಹರಿಣಿ ಅರಸೀಕೆರೆಯ ಹುಡುಗಿ. ಗಂಡ ಧನಂಜಯ ಬ್ಯಾಂಕ್ ಅಧಿಕಾರಿ. ಎಂಟು ವರ್ಷದ ಹಿಂದೆ ಎಂವಿಪಿ ಕಾಲೋನಿಗೆ ಬಂದಿಳಿದ ದಿನ ಆಕೆಗೆ ಜ್ವರ, ಕಂಕುಳಲ್ಲಿ ಕೂಸು. ಸುಮಿತ್ರಾ ಕಳಿಸಿದ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ನೋಡಿ, ಜ್ವರದಲ್ಲೇ ಮೆಟ್ಟಿಲು ಹತ್ತಿ ಬಂದು, “ನಮ್ಮಮ್ಮ ಕಳಿಸಿದ್ರಾ?” ಎಂದು ಕೇಳಿದವಳು. ಅಂದಿನಿಂದ ಅಕ್ಕನೆಂದರೆ ಅಕ್ಕ, ತಂಗಿಯೆಂದರೆ ತಂಗಿ. ನಾಲ್ಕು ವರ್ಷ ದಿನಾ ಮಧ್ಯಾಹ್ನ ಆ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಪುಡಿಗಳ ಅಳತೆ ಕಲಿತಳು, ಊಟಗಳ ಪಟ್ಟಿ ಬರೆದುಕೊಂಡಳು, ಕಥೆ ಕೇಳಿದಳು. ಒಂದು ಮಾತ್ರ ಆಕೆಗೆ ಹತ್ತಲಿಲ್ಲ. ಆ ಕಿವಿ. ಧಾರವಾಡಕ್ಕೂ ಬೀದರಿಗೂ ವ್ಯತ್ಯಾಸ ತಿಳಿಯದೆ ನಕ್ಕುಬಿಡುತ್ತಿದ್ದಳು.

ಧನಂಜಯನಿಗೆ ವಿಜಯವಾಡಕ್ಕೆ ವರ್ಗವಾದಾಗ ಇಬ್ಬರೂ ಸ್ಟೇಷನ್ನಿನಲ್ಲಿ ಅತ್ತರು. ಆರು ತಿಂಗಳಲ್ಲಿ ಹರಿಣಿ ಫೋನು ಮಾಡಿ, “ಅಕ್ಕಾ, ನಾನೂ ಇಲ್ಲಿ ಶುರು ಮಾಡ್ಲಾ? ನಿಮ್ಮ ಆಶೀರ್ವಾದ ಬೇಕು,” ಎಂದಳು. ಸುಮಿತ್ರಾ ಹಿಗ್ಗಿದಳು. ಮುನ್ನೂರೈವತ್ತು ಕಿಲೋಮೀಟರ್ ಆಚೆಗೂ ಕನಕಲಕ್ಷ್ಮಮ್ಮನ ರೊಟ್ಟಿ ಮುಟ್ಟುತ್ತದಲ್ಲ ಎಂದು ಪುಡಿಗಳ ಮೊದಲ ಮೂಟೆಯನ್ನು ತಾನೇ ಕಟ್ಟಿ ಕಳಿಸಿದಳು. ವಿಜಯವಾಡಕ್ಕೆ ಹೊಸ ಕನ್ನಡ ಸಂಸಾರ ಬಂದಾಗಲೆಲ್ಲ ಹರಿಣಿ ಅವರ ಮಾತನ್ನು ಫೋನಿನಲ್ಲಿ ಹಿಡಿದು ಕಳಿಸುವಳು. “ಅಕ್ಕಾ, ವಾಯ್ಸ್ ಕಳಿಸಿದೀನಿ, ಕೇಳಿ ಹೇಳಿ.” ಸುಮಿತ್ರಾ ಒಗ್ಗರಣೆ ಸೌಟು ಹಿಡಿದೇ ಕೇಳಿ, “ಹಾವೇರಿ ಕಡೆಯವ್ರು. ಖಾರ ಇರ್ಲಿ,” ಎನ್ನುವಳು. ಎರಡು ವರ್ಷ ಹೀಗೆ ನಡೆಯಿತು.

ನರಸಿಂಹಮೂರ್ತಿಗೆ ಮಾತ್ರ ಇದು ಸರಿ ಕಂಡಿರಲಿಲ್ಲ. “ಆ ಹುಡುಗಿ ಚಾಲಾ ಚುರುಕು, ಸುಮಿತ್ರಾ. ನೀನು ಎಲ್ಲಾ ಕೊಟ್ಟುಬಿಟ್ಟರೆ ನಾಳೆ ನಿನ್ನ ಹತ್ರ ಏನು ಉಳೀತದೆ?” ಎಂದಿದ್ದ.

“ಹೊಟ್ಟಿಗೆ ಹಾಕೋ ವಿದ್ಯಾಕ್ಕ ಲೆಕ್ಕಾ ಏನ್ರಿ?” ಎಂದು ಆಕೆ ಗಂಡನ ಬಾಯಿ ಮುಚ್ಚಿಸಿದ್ದಳು. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವ ಜಾತಿ ಆಕೆಯದು, ಯಾರೇನು ಮಾಡಲಾದೀತು?

ಹೋದ ವರ್ಷ ಫೆಬ್ರವರಿಯಲ್ಲಿ ಹರಿಣಿಯಿಂದ ಕರೆ ಬಂತು. ವಿಜಯವಾಡದಲ್ಲಿ ಸಣ್ಣ ವ್ಯಾಪಾರ ನಡೆಸುವ ಹೆಂಗಸರ ಸಭೆಯಂತೆ, ಗಿರಾಕಿ ಜನ್ಮದಲ್ಲಿ ಮರೆಯದ ಹಾಗೆ ಮಾಡುವುದು ಹೇಗೆಂದು ಹರಿಣಿ ಮಾತಾಡಬೇಕಂತೆ. “ನೀವು ಬರ್ಲೇಬೇಕು ಅಕ್ಕಾ. ನೀವಿಲ್ದೆ ನಾನಿಲ್ಲ.” ಸುಮಿತ್ರಾ ಹಸಿರು ಇಳಕಲ್ ಸೀರೆ ತೆಗೆದಿಟ್ಟಳು. ಇನ್ನೂರು ಕಡಕ್ ರೊಟ್ಟಿ ಕಟ್ಟಿಕೊಂಡು ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿದಳು. ತನ್ನನ್ನೂ ಎರಡು ಮಾತು ಆಡೆಂದರೆ ಏನು ಹೇಳುವುದು ಎಂದು ರಾಜಮಂಡ್ರಿ ದಾಟುವವರೆಗೂ ಮನಸ್ಸಿನಲ್ಲೇ ಜೋಡಿಸಿಕೊಂಡಳು. ಕನಕಲಕ್ಷ್ಮಮ್ಮನ ಹೆಸರು ಒಮ್ಮೆಯಾದರೂ ನಾಲ್ಕು ಜನರೆದುರು ಹೇಳಬೇಕೆಂದು ಆಕೆಗೆ ಆಸೆಯಿತ್ತು.

ಆ ಹೆಸರು ಮರುದಿನ ಬೆಳಗ್ಗೆ ಇನ್ನೂರು ಜನರೆದುರು ಕೇಳಿಬಂತು. ಹೇಳಿದವಳು ಹರಿಣಿ.

ವೇದಿಕೆಯ ಮೇಲೆ ಆಕೆ ಚೊಕ್ಕ ತೆಲುಗಿನಲ್ಲಿ ಮಾತಾಡಿದಳು. “ನಾನು ಹೊಸ ಸೊಸೆಯಾಗಿ ಈ ರಾಜ್ಯಕ್ಕೆ ಬಂದಾಗ ನಾಲ್ಕು ದಿನ ಉಪವಾಸವಿದ್ದೆ,” ಎಂದು ಶುರುಮಾಡಿದಳು. ಪಕ್ಕದ ಮನೆಯ ಕನಕಲಕ್ಷ್ಮಮ್ಮ ಬಂದಳು. ಮೂರು ಬಜಾರು ಸುತ್ತಿದ್ದು ಬಂತು. ಹೆಂಚಿನ ಮೇಲೆ ರೊಟ್ಟಿ ನಾಲ್ಕು ಚೂರಾದದ್ದೂ ಬಂತು. ಜೋಳದ್ದನ್ನು ಅಕ್ಕಿಯದು ಮಾಡಿದ್ದಳು, ಅಷ್ಟೇ. ಎದುರಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊತ್ತಿಕೊಂಡರು. ಸುಮಿತ್ರಾಗೆ ಮೊದಲು ಅರ್ಥವೇ ಆಗಲಿಲ್ಲ. ಇದು ನನ್ನ ಕಥೆ, ಇನ್ನೇನು ನನ್ನ ಹೆಸರು ಹೇಳುತ್ತಾಳೆ ಎಂದು ಕಾದಳು. ಹರಿಣಿ ಹೇಳಿದಳು ಕೂಡ.

“ನಮ್ಮ ವಿಶಾಖಪಟ್ಟಣದ ಶಾಖೆಯನ್ನು ನೋಡಿಕೊಳ್ಳುವ ಸುಮಿತ್ರಾಗಾರು ಇಲ್ಲೇ ಇದ್ದಾರೆ. ಇವತ್ತಿನ ರೊಟ್ಟಿ ಅವರ ಕೈಯದು. ಬನ್ನಿ ಅಕ್ಕಾ!”

ಶಾಖೆ! ಮೂವತ್ತು ವರ್ಷದ ಮರ ನಿನ್ನೆ ನೆಟ್ಟ ಸಸಿಯ ಟೊಂಗೆಯಾಯಿತು. ಚಪ್ಪಾಳೆ ಬಿತ್ತು. ಯಾರೋ ಕೈ ಹಿಡಿದು ಮೇಲೆ ಹತ್ತಿಸಿದರು. ಹರಿಣಿ ಮೈಕನ್ನು ಆಕೆಯ ಕೈಗೆ ಕೊಟ್ಟು, ಯಾವತ್ತಿನ ಹಾಗೆ ತೋಳಿಗೆ ಆತು ನಿಂತಳು. ಆ ಮುಖದಲ್ಲಿ ಅಳುಕಿನ ಒಂದು ಎಳೆಯೂ ಇರಲಿಲ್ಲ.  ಇದು ನನ್ನ ಕಥೆ ಎಂದು ಸುಮಿತ್ರಾ ಹೇಳಿದ್ದರೆ ಅಲ್ಲಿಯೇ ಎಲ್ಲವೂ ತೀರುತ್ತಿತ್ತು. ಆದರೆ ಬೆಳಗ್ಗೆ ಅದೇ ಹುಡುಗಿಯ ಮನೆಯಲ್ಲಿ ಉಪ್ಪಿಟ್ಟು ತಿಂದು ಬಂದಿದ್ದಳು, ಅವಳ ಮಗಳಿಗೆ ಜಡೆ ಹಾಕಿ ಬಂದಿದ್ದಳು. ಉಂಡ ಮನೆಗೆ ಎರಡು ಬಗೆಯಬಾರದೆಂದು ಕಲಿಸಿದ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವಳು. “ಎಲ್ಲಾರೂ ಊಟ ಮಾಡ್ಕೊಂಡು ಹೋಗ್ರಿ,” ಎಂದಷ್ಟೇ ಹೇಳಿ ಇಳಿದುಬಿಟ್ಟಳು.

ಊಟದ ಹೊತ್ತಿನಲ್ಲಿ ಒಬ್ಬ ಹೆಂಗಸು ರೊಟ್ಟಿ ಮುರಿಯುತ್ತ, “ಹರಿಣಿಗಾರು ನಿಮಗೆ ಬಹಳ ಚೆನ್ನಾಗಿ ತರಬೇತಿ ಕೊಟ್ಟಿದ್ದಾರೆ,” ಎಂದು ತೆಲುಗಿನಲ್ಲಿ ಹೊಗಳಿದಳು. ಸುಮಿತ್ರಾ ತಲೆಯಾಡಿಸಿದಳು. ಉಂಡೂ ಹೋದ, ಕೊಂಡೂ ಹೋದ ಎಂಬ ಗಾದೆಯನ್ನು ಆಕೆ ಚಿಕ್ಕಂದಿನಿಂದ ಕೇಳಿದ್ದಳು. ಅದು ಹೀಗಿರುತ್ತದೆ ಎಂದು ಆ ಮಧ್ಯಾಹ್ನ ತಿಳಿಯಿತು.

ಮನೆಗೆ ಬಂದು ಗಂಡನಿಗೂ ಮಗಳಿಗೂ ಏನೂ ಹೇಳಲಿಲ್ಲ. ಆದರೆ ಈ ಕಾಲದಲ್ಲಿ ಯಾವುದು ಮುಚ್ಚಿರುತ್ತದೆ? ಹತ್ತು ದಿನದಲ್ಲಿ ಹರಿಣಿಯ ಭಾಷಣದ ವಿಡಿಯೋ ಕನ್ನಡದ ಹೆಂಗಸರ ಫೋನಿಗೆಲ್ಲ ಬಂತು. ಮಾರ್ಚಿನಲ್ಲಿ ಎಂವಿಪಿ ಕಾಲೋನಿಗೆ ಹೊಸದಾಗಿ ಬಂದ ಒಂದು ಮನೆಗೆ ಸುಮಿತ್ರಾ ಎಂದಿನಂತೆ ಫೋನು ಮಾಡಿದಾಗ ಆ ಹೆಂಗಸು, “ಓ, ನೀವು ವಿಜಯವಾಡದ ಹರಿಣಿ ಮೇಡಂ ಬ್ರಾಂಚಾ? ವಿಡಿಯೋ ನೋಡಿದೀವಿ, ಕಳಿಸಿ ಕಳಿಸಿ,” ಎಂದಳು. ಮೈಸೂರಿನ ಕಡೆಯ ಮಾತು. ಸುಮಿತ್ರಾ ಊಟವನ್ನೇನೋ ಕಳಿಸಿದಳು, ಆದರೆ ಅವತ್ತು ಉಪ್ಪಿನ ಹದ ತಪ್ಪಿತು. ಕನಕಲಕ್ಷ್ಮಮ್ಮನ ಋಣವೂ ಈಗ ಹರಿಣಿಯ ಖಾತೆಯಲ್ಲೇ ತೀರುತ್ತಿತ್ತು. ಒಲೆಯ ಮುಂದೆ ನಿಂತು ಆಕೆ ಬಿಕ್ಕಿ ಬಿಕ್ಕಿ ಅತ್ತಳು. ಹಣ ಹೋಗಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಮಡಿಲಲ್ಲಿ ಕಟ್ಟಿಕೊಂಡಿದ್ದನ್ನು, ನಂಬಿ ತೋರಿಸಿದ್ದನ್ನು, ಹರಿಣಿ ಕಿತ್ತುಕೊಂಡು ಹೋಗಿದ್ದಳು.

ಏಪ್ರಿಲ್‌ನಲ್ಲಿ, ಏನೂ ನಡೆದೇ ಇಲ್ಲವೆಂಬಂತೆ, ಹರಿಣಿಯ ಸಂದೇಶ ಬಂತು. “ಅಕ್ಕಾ, ಹೊಸ ಫ್ಯಾಮಿಲಿ. ವಾಯ್ಸ್ ಕೇಳಿ ಹೇಳಿ ಪ್ಲೀಸ್. ನಂಗೆ ಗೊತ್ತೇ ಆಗ್ತಿಲ್ಲ.”

ಸುಮಿತ್ರಾ ಕೇಳಿದಳು. ಅಧಿಕಾರಿಯ ಹೆಂಡತಿಯ ಮಾತು. ಡೆಲ್ಲಿ, ಪುಣೆ, ಭೋಪಾಲ್ ಎಂದು ತಿರುಗಿ ಸವೆದುಹೋದ ಪುಸ್ತಕದ ಕನ್ನಡ. ಅದರಿಂದ ಯಾರಿಗೂ ಏನೂ ತಿಳಿಯುವಂತಿರಲಿಲ್ಲ. ಆದರೆ ಕೊನೆಯಲ್ಲಿ, ದೂರದಿಂದ, ಒಬ್ಬ ಮುದುಕಿಯ ದನಿ ಸಣ್ಣಗೆ ಕೇಳಿತು. “ಯಾರದವಾ ಫೋನು? ಹೊತ್ತೇರಾಕತ್ತೈತಿ, ನನಗೊಂದು ರೊಟ್ಟಿ ಆಗಿದ್ರ ಸಾಕಿತ್ತು.”

ಸುಮಿತ್ರಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ರೋಣ ತಾಲ್ಲೂಕು, ಸಂಶಯವೇ ಇಲ್ಲ. ಆಕೆಯ ಅವ್ವ ಕರೆಯುತ್ತಿದ್ದದ್ದೂ ಹೀಗೆಯೇ, ಆ ‘ಅವಾ’ ಎಂಬಲ್ಲಿ ಒಂದಿಷ್ಟು ಎಳೆದು. ಇನ್ನೊಮ್ಮೆ ಹಚ್ಚಿ ಕೇಳಿದಳು. ಆಮೇಲೆ ವೇದಿಕೆ ಕಣ್ಣಿಗೆ ಬಂತು, ತೋಳಿಗೆ ಆತು ನಿಂತ ಆ ನಗುಮುಖ ಬಂತು.  ನನ್ನ ಕಥೆ ಕದ್ದವಳಿಗೆ ನನ್ನ ಕಿವಿಯೂ ಬೇಕೇ? ಒಮ್ಮೆ ಎಲ್ಲರೆದುರು ಮುಗ್ಗರಿಸಲಿ, ಆಗ ತಿಳಿಯುತ್ತದೆ ಯಾರು ಬುಡ ಯಾರು ಟೊಂಗೆ ಎಂದು.

“ಮಂಗಳೂರು ಕಡೆಯವ್ರು,” ಎಂದು ಬರೆದು ಕಳಿಸಿದಳು. 

ಆ ದಿನವೆಲ್ಲ ಆಕೆಗೆ ಒಂಥರಾ ಹುರುಪು. ಮರುದಿನ ಹುರುಪು ಇಳಿಯಿತು. ಆ ಮುದುಕಿ ಏನು ಉಂಡಳೋ ಎಂಬ ಯೋಚನೆ ಹತ್ತಿತು. ತೆಂಗಿನೆಣ್ಣೆಯ ಒಗ್ಗರಣೆಯ ವಾಸನೆಗೆ ರೋಣದ ಮುದುಕಿಯರು ಮೂಗು ಮುಚ್ಚಿಕೊಳ್ಳುತ್ತಾರೆಂದು ಆಕೆಗಲ್ಲದೆ ಇನ್ಯಾರಿಗೆ ಗೊತ್ತು? ಮೂರನೆಯ ದಿನ ಬೆಳಗ್ಗೆ ಹನ್ನೊಂದಕ್ಕೆ ಹರಿಣಿಯೇ ಫೋನು ಮಾಡಿದಳು.

“ಅಕ್ಕಾ, ಆ ಅಜ್ಜಿ ನಾವು ಕಳಿಸಿದ್ದನ್ನ ಮುಟ್ಟಲೇ ಇಲ್ವಂತೆ. ನೀರ್ ದೋಸೆ, ಕಾಯಿ ಹುಳಿ ಎಲ್ಲಾ ಹಾಗೇ ಇಟ್ಟಿದ್ರಂತೆ. ಸೊಸೆಗೆ ಬೇಜಾರಾಗಬಾರದು ಅಂತ ಉಂಡೆ ಅಂತ ಹೇಳಿ, ಸಕ್ಕರೆ ಕಾಯಿಲೆ ಮಾತ್ರೆ ನುಂಗಿ ಮಲಗಿದಾರೆ. ಸಂಜೆ ಎದ್ದೋರು ಕಣ್ಣು ಕತ್ತಲೆ ಬಂದು ಬಿದ್ದುಬಿಟ್ರು.”

ಸುಮಿತ್ರಾ ಅವಸರದಿಂದ ಕೇಳಿದಳು, “ಈಗ ಹೆಂಗದಾರ?”

“ಈಗ ಆರಾಮಿದಾರೆ. ಬೆಲ್ಲದ ನೀರು ಕುಡಿಸಿ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ರು. ವಿಷಯ ಗೊತ್ತಾಗಿ ನಾನೇ ಓಡಿದೆ. ಯಾವೂರು ಅಜ್ಜಿ ಅಂತ ಬಾಯಿಬಿಟ್ಟು ಕೇಳಿದೆ, ರೋಣ ಅಂದ್ರು. ಮನೆಗೆ ಬಂದು ರೊಟ್ಟಿ ಮಾಡ್ಕೊಂಡು ಹೋಗಿ, ತಪ್ಪಾಯ್ತು ಅಂತ ಕಾಲು ಮುಟ್ಟಿ ಪಕ್ಕದಲ್ಲೇ ಕೂತು ತಿನ್ನಿಸಿದೆ. ಆ ಮನೆಯೋರು ಈಗ ನನ್ನ ದೇವರು ಅಂತಾರೆ. ಹತ್ತು ಮನೆಗೆ ಹೇಳಿದಾರೆ.” ಹರಿಣಿ ಸ್ವಲ್ಪ ತಡೆದಳು. “ಆಮೇಲೆ ಆ ವಾಯ್ಸನ್ನ ಇಯರ್‌ಫೋನ್ ಹಾಕ್ಕೊಂಡು ಮತ್ತೆ ಕೇಳ್ದೆ. ಹಿಂದೆ ಅಜ್ಜಿ ಮಾತಾಡಿರೋದು ನನಗೇ ಕೇಳಿಸ್ತು. ಥೇಟ್ ನಿಮ್ಮ ಥರಾನೇ. ನಿಮಗೆ ಗೊತ್ತಾಗ್ಲಿಲ್ಲ ಅಂದ್ರೆ ನಾನು ನಂಬಲ್ಲ ಅಕ್ಕಾ.”

ಸುಮಿತ್ರಾ ಒಲೆ ಆರಿಸಿದಳು.

“ನನ್ನ ಮೇಲೆ ಸಿಟ್ಟಿದ್ರೆ ನನ್ನ ಬೈಬೇಕಿತ್ತು. ಊಟದಲ್ಲಿ ಯಾಕೆ ತೀರಿಸ್ಕೊಂಡ್ರಿ?”

“ನನ್ನ ಕಥಿ ನೀ ಯಾಕ ನಿಂದಂತ ಹೇಳಿದಿ?” ಎರಡು ತಿಂಗಳಿಂದ ಹೇಳದೆ ಉಳಿದಿದ್ದ ಮಾತು ಹೊರಗೆ ಬಂತು. ಆದರೆ ಈಗ ಅದಕ್ಕೆ ತೂಕವೇ ಇರಲಿಲ್ಲ. ಅದು ಆಕೆಗೇ ಗೊತ್ತಾಯಿತು.

“ಜನಕ್ಕೆ ಹೇಳೋವಾಗ ಹಾಗೆ ಹೇಳ್ಬೇಕಾಗತ್ತೆ ಅಕ್ಕಾ. ಮೈಕ್ ನಿಮ್ಮ ಕೈಗೇ ಕೊಟ್ಟಿದ್ನಲ್ಲಾ. ನೀವು ಹೇಳ್ಬಹುದಿತ್ತು.” ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. “ಇನ್ಮೇಲೆ ನಿಮಗೆ ತೊಂದ್ರೆ ಕೊಡಲ್ಲ. ಮೊದಲೇ ಯಾವ ಜಿಲ್ಲೆ ಅಂತ ಕೇಳಿ ಬರ್ಕೋತೀವಿ. ಅದೇ ಸುಲಭ.”

ಮೂವತ್ತು ವರ್ಷದ ಕಿವಿಯ ಬೆಲೆ ಒಂದು ಪ್ರಶ್ನೆಯಷ್ಟೇ ಆಗಿತ್ತು. ಆದರೆ ಆ ಗಳಿಗೆಯಲ್ಲಿ ಸುಮಿತ್ರಾಗೆ ಅದು ನೋಯಲಿಲ್ಲ. ಮಲಗಿದ್ದ ಮುದುಕಿಯೊಬ್ಬಳೇ ಕಣ್ಣ ಮುಂದೆ ಇದ್ದಳು. ರೊಟ್ಟಿ ಸಾಕು ಎಂದು ಕೇಳಿದ್ದಳು, ಅದೂ ತನ್ನ ಅವ್ವನ ಮಾತಿನಲ್ಲಿ ಕೇಳಿದ್ದಳು. ಕೇಳಿಸಿಕೊಂಡೂ ಕೊಡದೆ ಇದ್ದವಳು ತಾನು.

“ತಂಗೀ, ಆಕೀ ನಂಬರ್ ಕೊಡು. ಒಂದ್ ಸಲ ಮಾತಾಡ್ತೇನಿ. ಕ್ಷಮಾ ಕೇಳ್ತೇನಿ.”

“ಅದು ನಮ್ಮ ಕಸ್ಟಮರ್ ನಂಬರ್ ಅಕ್ಕಾ. ಹಾಗೆಲ್ಲ ಕೊಡೋದಿಲ್ಲ,” ಎಂದಳು ಹರಿಣಿ. “ಇರ್ಲಿ ಬಿಡಿ, ನೀವು ಮಾಡಿದ್ದು ಅಂತ ನಾನು ಯಾರಿಗೂ ಹೇಳಿಲ್ಲ.”

ಫೋನು ಇಟ್ಟಮೇಲೆ ನರಸಿಂಹಮೂರ್ತಿ ಪೇಪರ್ ಮಡಿಸಿ ಒಳಗೆ ಬಂದು, ಹೆಂಡತಿಯ ಮುಖ ನೋಡಿ, “ಏಮೈಂದಿ? ಏನಾಯ್ತು? ಹರಿಣಿ ಏನಾದರೂ ಅಂದಳಾ?” ಎಂದ. ಸುಮಿತ್ರಾಗೆ ಎಲ್ಲವನ್ನೂ ಹೇಳಿ, ಅವನೆದುರು ಮನಸ್ಸು ಬಿಚ್ಚಿ ಅಳಬೇಕೆನ್ನಿಸಿತು. ಆದರೆ ಹರಿಣಿ ಮಾಡಿದ್ದನ್ನು ಹೇಳಿದರೆ ತಾನು ಮಾಡಿದ್ದನ್ನೂ ಹೇಳಬೇಕಾಗುತ್ತಿತ್ತು. ಬೇರೆಯವರ ದ್ರೋಹವನ್ನು ನೆನೆದು ಅಳುವ ಸಮಾಧಾನವೂ ಆಕೆಯ ಪಾಲಿಗೆ ಉಳಿದಿರಲಿಲ್ಲ.

“ಏನಿಲ್ರಿ,” ಎಂದಳು. ಕೈ ತೊಳೆದುಕೊಂಡು ಜೋಳದ ಹಿಟ್ಟಿನ ಡಬ್ಬದ ಮುಂದೆ ಕೂತಳು. ಹಿಟ್ಟು ನಾದಲಾಗಲಿಲ್ಲ. ವಿಜಯವಾಡದ ಆ ಮುದುಕಿಯ ಹೆಸರೇನೆಂದು ಆಕೆಗೆ ಇಂದಿಗೂ ಗೊತ್ತಿಲ್ಲ.